ಚಾರ್‌ಮಿನಾರಿನ ಬಾಗಿಲಲ್ಲಿ ಹಲ್ಲುಪುಡಿ

ನಾನು ಚಿಕ್ಕವಳಿದ್ದಾಗ ನಮ್ಮ ಕಾನ್ವೆಂಟಿನಲ್ಲಿ ಪ್ರತಿ ಸೋಮವಾರ ಬ್ಯಾಜ್ ಇನ್‌ಸ್ಪೆಕ್ಷನ್ ಇರುತ್ತಿತ್ತು. ಸಿಸ್ಟರ್ ಸಾಲಿನುದ್ದಕ್ಕೂ ನಡೆದು ಬಂದು, ನಮ್ಮ ಹಿತ್ತಾಳೆ ಬ್ಯಾಜಿನಲ್ಲಿ ತಮ್ಮ ಮುಖ ಕಾಣುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದರು. ಕಂಡರೆ ‘ಗುಡ್ ಗರ್ಲ್’, ಕಾಣದಿದ್ದರೆ ವರಾಂಡದಲ್ಲಿ ನಿಲ್ಲಬೇಕು. ನನ್ನದರಲ್ಲಿ ಯಾವಾಗಲೂ ಕಾಣುತ್ತಿತ್ತು. ಲವಂಗದ ವಾಸನೆಯ ಗುಲಾಬಿ ಹಲ್ಲುಪುಡಿ ಹಚ್ಚಿ ಹಳೆಯ ಬನಿಯನ್ ತುಂಡಿನಿಂದ ತಿಕ್ಕುವುದು ನನ್ನ ಸೀಕ್ರೆಟ್.

ಆ ವರ್ಷ ಅಕ್ಕನಿಗೆ ಮೆಡಿಕಲ್ ಸೀಟು ಸಿಕ್ಕಿತ್ತು. ಮರುದಿನ ಮಧ್ಯಾಹ್ನದೊಳಗೆ ಫೀ ಕಟ್ಟದಿದ್ದರೆ ಅದು ಇನ್ನೊಬ್ಬರ ಪಾಲು. ಗುಮಾಸ್ತರಾಗಿದ್ದ ಅಪ್ಪ ಅಲಮಾರಿನಿಂದ ಕೆಂಪು ಮಖಮಲ್ಲಿನ ಪುಟ್ಟ ಚೀಲ ತೆಗೆದರು. ಒಳಗೆ ಅಜ್ಜ ಬಿಟ್ಟುಹೋದ ನಿಜಾಮರ ಕಾಲದ ಒಂದು ಬೆಳ್ಳಿ ರೂಪಾಯಿ. ಅದರ ಮೇಲೆ ಚಾರ್‌ಮಿನಾರ್, ಚಾರ್‌ಮಿನಾರಿನ ಬಾಗಿಲಲ್ಲಿ ಉರ್ದುವಿನ ಒಂದು ಅಕ್ಷರ. ಮೊದಮೊದಲು ಅಚ್ಚಾದವುಗಳಲ್ಲಿ ಆ ಅಕ್ಷರ ಗಿಡ್ಡ, ಆಮೇಲಿನವುಗಳಲ್ಲಿ ಪೂರ್ತಿ. ಗಿಡ್ಡ ಅಕ್ಷರದವು ಸಿಗುವುದು ಅಪರೂಪ, ಹಾಗಾಗಿ ಮಾರಿದರೆ ಬೆಲೆ ಹೆಚ್ಚು. ನಮ್ಮದು ಗಿಡ್ಡ.

“ಈ ಬಾಗಲಾಗಿಂದನ ನಿಮ್ಮಕ್ಕ ಕಾಲೇಜಿನೊಳಗ ಹೋಗ್ತಾಳ ನೋಡು,” ಎಂದರು ಅಪ್ಪ.

ನನಗೋ ಅದು ಕರ್ರಗೆ, ಕೊಳಕಾಗಿ ಕಂಡಿತು. ಇಷ್ಟು ಡರ್ಟಿ ನಾಣ್ಯವನ್ನು ಯಾರು ಕೊಳ್ಳುತ್ತಾರೆ? ಅಪ್ಪ ಜಳಕಕ್ಕೆ ಹೋದಾಗ ಹಲ್ಲುಪುಡಿ ಹಚ್ಚಿ ಕೈ ನೋಯುವವರೆಗೆ ತಿಕ್ಕಿದೆ. ಕೊನೆಗೆ ಅದರಲ್ಲಿ ನನ್ನ ಮೂಗು ಕಂಡಿತು. ತೊಳೆದು, ಒರೆಸಿ, ಚೀಲದಲ್ಲಿಟ್ಟು ದಾರ ಬಿಗಿದೆ. ಅಂಗಡಿಯಲ್ಲೇ ಸರ್‌ಪ್ರೈಸ್ ಆಗಲಿ ಎಂದು ಯಾರಿಗೂ ಹೇಳಲಿಲ್ಲ.

ಅಪ್ಪನೂ ನಾನೂ ಅಬಿಡ್ಸ್ ಪೇಟೆಗೆ ಬಸ್ಸಿನಲ್ಲಿ ಹೋದೆವು. ಅಪ್ಪ ಮತ್ತೆಮತ್ತೆ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಮದುವೆಯಲ್ಲಿ ಬಂದ ಫಾರಿನ್ ವಾಚ್ ಅದು, ಅವರು ಅದನ್ನು ಜಳಕಕ್ಕೆ ಮಾತ್ರ ಬಿಚ್ಚುತ್ತಿದ್ದರು.

ನಾಣ್ಯದ ಅಂಗಡಿಯ ಚಾಚಾ ಕಲಬುರ್ಗಿ ಕಡೆಯವರು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತಿದ್ದರು. ನಮಗಿಂತ ಮುಂದಿದ್ದವರು ಫಳಫಳ ಹೊಳೆಯುವ ನಾಣ್ಯವೊಂದನ್ನು ಮೇಜಿನ ಮೇಲಿಟ್ಟರು. ಚಾಚಾ ಮಸೂರವನ್ನೂ ಸರಿಮಾಡಿಕೊಳ್ಳಲಿಲ್ಲ.

“ಸಾಬೂನು ಹಚ್ಚಿ ಜಳಕ ಮಾಡಿಸೀರೇನು?”

“ಭಾಳ ಹಳೇದ್ರೀ ಅದು.”

“ಹಳೇದಾದ್ರ ಏನ್ ಬಂತ್ರಿ? ಹೊಳಿದಂಡಿ ಕಲ್ಲು ಇದಕ್ಕಿಂತ ಹಳೇವು. ಎಷ್ಟು ಉಳದಾವ, ಹೆಂಗ ಉಳದಾವ, ಅದಕ್ಕ ಕಿಮ್ಮತ್ತು. ಆ ಕಪ್ಪು ಹೊಲಸಲ್ರಿ, ಅದರ ಚರ್ಮ. ನೀವು ಸುಲದ್ರಿ. ಇನ್ನ ಉಳದಿದ್ದು ಬೆಳ್ಳಿ ತೂಕ ಅಷ್ಟ.”

ಅಪ್ಪನಿಗೆ ಹೇಳಬೇಕೆಂದು ಅವರ ಅಂಗಿಯ ತುದಿ ಜಗ್ಗಿದೆ. “ತಡಿ, ನಮ್ಮ ಪಾಳಿ ಬಂತು,” ಎಂದರು. ಅಪ್ಪ ದಾರ ಬಿಚ್ಚುವಷ್ಟು ಹೊತ್ತು ನಾನು ಅವರ ಬೆರಳುಗಳನ್ನೇ ನೋಡುತ್ತಿದ್ದೆ. ಗಂಟನ್ನು ನಾನು ಎಷ್ಟು ಬಿಗಿದಿದ್ದೆನೆಂದರೆ ಅದು ಬೇಗ ಬಿಚ್ಚಲೇ ಇಲ್ಲ. ಬಿಚ್ಚದೇ ಇರಲಿ, ಪ್ಲೀಸ್ ಗಾಡ್, ಎಂದುಕೊಂಡೆ.

ಬಿಚ್ಚಿತು. ಅಪ್ಪನ ಅಂಗೈಯಲ್ಲಿ ರೂಪಾಯಿ ಕನ್ನಡಿಯಂತೆ ಮಿಂಚಿತು.

ಚಾಚಾ ಅದನ್ನು ಅಂಚು ಹಿಡಿದು ಎತ್ತಿದರು. “ಗಿಡ್ಡ ಅಕ್ಷರ ಖರೆ ಐತ್ರಿ,” ಎಂದರು. ಸೂಜಿಯಿಂದ ಚಾರ್‌ಮಿನಾರಿನ ಬಾಗಿಲನ್ನು ಮೆಲ್ಲಗೆ ಕೆದಕಿದರು. ಮೇಜಿನ ಗಾಜಿನ ಮೇಲೆ ಗುಲಾಬಿ ಪುಡಿ ಉದುರಿತು. ಲವಂಗದ ವಾಸನೆ ನನಗೂ ಬಂತು.

“ಇದಕ್ಕ ಹಲ್ಲು ತಿಕ್ಕಿಸಿದವ್ರು ಯಾರ್ರಿ ಸಾಹೇಬ್ರ?”

ಅಪ್ಪ ನನ್ನ ಕಡೆ ನೋಡಿದರು. ಇನ್‌ಸ್ಪೆಕ್ಷನ್‌ಗೆಂದು ನಾನು ಭಾನುವಾರ ಭಾನುವಾರ ಹಿತ್ತಲಲ್ಲಿ ಕೂತು ತಿಕ್ಕುವುದನ್ನು ಅವರು ಕಂಡವರೇ.

“ನಾನ ರೀ,” ಎಂದರು. “ತಿಳೀಲಿಲ್ಲ.”

“ಓದಿದವ್ರು ನೀವ ಹಿಂಗ ಮಾಡಿದ್ರ ಹೆಂಗ್ರಿ?” ಎಂದು ಚಾಚಾ ಬೇಜಾರಿನಿಂದ ತಲೆಯಾಡಿಸಿದರು. ಅವರು ಹೇಳಿದ ಬೆಲೆ ಫೀಯ ಕಾಲುಭಾಗಕ್ಕೂ ಸಾಲುತ್ತಿರಲಿಲ್ಲ. ಅಪ್ಪ ನಾಣ್ಯವನ್ನು ವಾಪಸ್ ಚೀಲಕ್ಕೆ ಹಾಕಿಕೊಂಡರು. ತಿಕ್ಕಿದ್ದು ನಾನೇ ಎಂದು ಹೇಳುವ ಧೈರ್ಯ, ಗುಡ್ ಗರ್ಲ್ ಆಗಿದ್ದ ನನಗೆ, ಇರಲಿಲ್ಲ.

ರಸ್ತೆ ದಾಟಿದರೆ ಗಡಿಯಾರದ ಅಂಗಡಿ. ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ ಅಪ್ಪ ಒಳಗೆ ಹೋದರು. ಹೊರಗೆ ಬಂದಾಗ ಅವರ ಎಡಗೈ ಮಣಿಕಟ್ಟಿನಲ್ಲಿ ಪಟ್ಟಿ ಇದ್ದಷ್ಟು ಜಾಗ ಬೆಳ್ಳಗೆ, ಬಿಸಿಲನ್ನೇ ಕಾಣದ ಹಾಗಿತ್ತು. ಮಖಮಲ್ಲಿನ ಚೀಲವನ್ನು ನನ್ನ ಕೈಗಿಟ್ಟರು.

“ಇದು ನಿನ್ನ ಕಡೆನ ಇರ್ಲಿ. ಇನ್ನ ಮುಟ್ಟಬ್ಯಾಡ. ತಾನ ಕಪ್ಪಾಗ್ತೈತಿ. ವಾಚ್ ರಿಪೇರಿಗೆ ಕೊಟ್ಟೀನಿ ಅಂತ ಮನ್ಯಾಗ ಹೇಳೂಣು.”

ಆ ರಿಪೇರಿ ಮುಗಿಯಲೇ ಇಲ್ಲ. ಆಮೇಲೆ ದಿನಾ ಆಫೀಸಿಗೆ ಹೊರಡುವಾಗ ಅಪ್ಪ, “ಎಷ್ಟಾತವ್ವಾ?” ಎಂದು ಕೇಳುತ್ತಿದ್ದರು. ನಾನು ಪಕ್ಕದ ಮನೆಗೆ ಓಡಿ ಗೋಡೆ ಗಡಿಯಾರ ನೋಡಿ ಬರುತ್ತಿದ್ದೆ. ಆ ಓಟದಲ್ಲಿ ಒಂದು ದಿನವೂ ತಡಮಾಡಲಿಲ್ಲ. ಅಕ್ಕ, ಅಂದರೆ ನಿಮ್ಮ ದೊಡ್ಡಜ್ಜಿ, ಡಾಕ್ಟರಾದಳು. ವಾಚಿನ ಸಂಗತಿ ಅವಳಿಗೆ ನಾನು ಇನ್ನೂ ಹೇಳಿಲ್ಲ.

ನಿಮ್ಮ ಕೊಂಡಾಪುರದ ಫ್ಲ್ಯಾಟಿನಲ್ಲಿ ದುಡ್ಡು ಫೋನಿನೊಳಗೇ ಇರುತ್ತದೆ, ಮಕ್ಕಳೇ. ಟಿಣ್ ಎಂದರೆ ಹೋಯಿತು, ಟಿಣ್ ಎಂದರೆ ಬಂತು. ಅದು ಸವೆಯುವುದಿಲ್ಲ, ಕಪ್ಪಾಗುವುದಿಲ್ಲ, ಅದಕ್ಕೆ ಯಾವ ವಾಸನೆಯೂ ಇಲ್ಲ. ಮೊನ್ನೆ ಚೀಲ ತೆರೆದು, “ಅಜ್ಜಿ, ಸೋ ಬ್ಲ್ಯಾಕ್, ಟೂತ್‌ಪೇಸ್ಟ್ ಹಚ್ಚಲಾ?” ಎಂದು ನೀವು ಕೇಳಿದಾಗ ನಾನು ಕಿರುಚಿದ್ದಕ್ಕೆ ಸಾರಿ. ಅಷ್ಟು ಕಪ್ಪಾಗಲು ಅದಕ್ಕೆ ಅರವತ್ತು ವರ್ಷ ಬೇಕಾಯಿತು. ಅಂಚು ಹಿಡಿದು, ಕಿಟಕಿಯ ಬೆಳಕಿಗೆ ತಂದು ನೋಡಿ. ಚಾಚಾನ ಸೂಜಿಗೆ ಸಿಗದ ಒಂದು ಗುಲಾಬಿ ಚುಕ್ಕೆ ಇನ್ನೂ ಬಾಗಿಲಲ್ಲೇ ಇದೆ. ಅದು ಹಾಗೇ ಇರಲಿ.