ಬಡೀಮಾ ಮತ್ತು ಅವ್ವನ ಡಬರಿ

ಬಡೀಮಾ ಯಾರ ಮನೆಗೆ ಬಂದರೂ ಮೊದಲು ಬಗ್ಗಿ ಮಂಚದ ಕೆಳಗೆ ಇಣುಕುತ್ತಿದ್ದಳು. ಆಮೇಲೆ ಕತ್ತೆತ್ತಿ ಅಟ್ಟ ನೋಡುತ್ತಿದ್ದಳು. ಚಹಾ, ಸುಖದುಃಖದ ಮಾತು ಎಲ್ಲ ಅದಾದ ಮೇಲೆ. "ಅರೇ ಅಲ್ಲಾ! ಇದು ಮನಿ ಅದನೋ ಗೋದಾಮ್ ಅದನೋ?" ಎಂದು ಸೆರಗು ಸೊಂಟಕ್ಕೆ ಸಿಗಿಸಿದಳೆಂದರೆ ಆ ಮನೆಯ ಹರಕು ಗಾದಿ, ತೂತುಬಿದ್ದ ಬಕೆಟ್ಟುಗಳ ಕಥೆ ಮುಗಿದಂತೆ.

ಹೆಸರು ಹಮೀದಾ, ಓಣಿಗೆಲ್ಲ ಬಡೀಮಾ. ಯಾದಗಿರಿಯಲ್ಲಿ ನಮ್ಮ ಗೋಡೆಗೆ ಅಂಟಿಕೊಂಡ ಒಂದೇ ಕೋಣೆಯ ಮನೆ ಅವಳದು. ಒಂದು ಟ್ರಂಕು, ಒಂದು ಚಾಪೆ, ನಾಲ್ಕು ಪಾತ್ರೆ. ಉಳಿದದ್ದೆಲ್ಲ ಗಾಳಿ. ಬೇಸಿಗೆಯಲ್ಲಿ ನಾನು ಅಲ್ಲೇ ಹೋಗಿ ಹೊರಳಾಡುತ್ತಿದ್ದೆ. ನಮ್ಮವ್ವನೋ, ಖಾಲಿಯಾದ ಎಣ್ಣೆ ಡಬ್ಬಿಯನ್ನೂ "ಇರ್ಲಿ, ಬೇಕಾಗ್ತದ" ಎಂದು ಎತ್ತಿಡುವ ಜೀವ.

ಅಕ್ಕನ ಚೊಚ್ಚಲ ಹೆರಿಗೆ ಹತ್ತಿರ ಬಂತು. ಸುರಪುರದಿಂದ ಅವಳ ಅತ್ತೆ ಬಂದು ನಮ್ಮ ಒಳಕೋಣೆ ನೋಡಿ, "ಬಾಣಂತಿನ ಎಲ್ಲಿ ಮಲಗಸ್ತೀರಿ, ಡಬ್ಬಿ ಮ್ಯಾಲೇನ್ರಿ? ನಮ್ಮ ಕಡೀನೇ ಇರ್ಲಿ ಬಿಡ್ರಿ" ಎಂದು ಹೋದಳು. ಚೊಚ್ಚಲಿಗೆ ಮಗಳು ತವರಿಗೆ ಬರುವುದಿಲ್ಲವೆಂದರೆ ಹೇಗೆ? ಅವ್ವ ಬಿಕ್ಕಿಬಿಕ್ಕಿ ಅತ್ತಳು. ಗೋಡೆಯಾಚೆಯಿಂದ ಕೇಳಿಸಿಕೊಂಡ ಬಡೀಮಾ ಕಸಬರಿಗೆ ಹಿಡಿದೇ ಬಂದಳು.

"ಅಳಬ್ಯಾಡ ನೀಲಮ್ಮ, ಜಾಗ ಅದ. ಸಾಮಾನಿನ ಬುಡಕ ಅದ!"

ಆ ಮಧ್ಯಾಹ್ನ ನೆನೆದರೆ ಈಗಲೂ ನನಗೆ ನಗು ತಡೆಯುವುದಿಲ್ಲ. ಬಡೀಮಾ ಮುಂದಿನ ಬಾಗಿಲಿಂದ ಒಯ್ದು ಹಾಕಿದ್ದನ್ನು ಅವ್ವ ಹಿತ್ತಲ ಬಾಗಿಲಿಂದ ಒಳಗೆ ತರುತ್ತಿದ್ದಳು. ಕೆಟ್ಟ ಟೇಬಲ್ ಫ್ಯಾನು ಮತ್ತೆ ಕೈಗೆ ಸಿಕ್ಕಾಗ ಬಡೀಮಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏ, ನಿಮ್ಮ ಮನ್ಯಾಗ ಫ್ಯಾನು ಮರಿ ಹಾಕತಾವೇನ?" ಅವ್ವನಿಗೆ ಅಳುವಿನ ನಡುವೆಯೇ ನಗು ಉಕ್ಕಿತು, ಇಬ್ಬರೂ ನೆಲಕ್ಕೆ ಕುಸಿದು ನಕ್ಕರು. ಅವ್ವ ಸೋತದ್ದು ಆಗಲೇ. ಬಡೀಮಾ ಓಣಿಯಲ್ಲಿ ಚಾದರ ಹಾಸಿ, ಎಲ್ಲ ಹರಡಿ ಕೂಗಿದಳು: "ಬರ್ರಿ, ಬೇಕಾದ್ದು ಒಯ್ರಿ! ತಿರುಗಿ ತಂದ್ರ ಕಾಲು ಮುರೀತೀನಿ!"

ಕೋಣೆ ಬಯಲಾಯಿತು. ಅಕ್ಕ ಬಂದಳು, ಗಂಡು ಕೂಸು ಹೆತ್ತಳು. ಆದರೆ ಅವ್ವನ ಮದುವೆಯಲ್ಲಿ ಅಜ್ಜಿ ಅವಳ ಹೆಸರು ಕೆತ್ತಿಸಿ ಕೊಟ್ಟಿದ್ದ, ಅನ್ನ ಮಾಡುವ ಸ್ಟೀಲ್ ಡಬರಿಯೂ ಆ ಗದ್ದಲದಲ್ಲಿ ಹೋಗಿಬಿಟ್ಟಿತ್ತು. ಅವ್ವ ಒಳಗೊಳಗೇ ಕೊರಗಿದಳು.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹಿಂದಿನ ಓಣಿಯ ಶಾಂತಕ್ಕ ಫಳಫಳ ಹೊಳೆಯುವ ಡಬರಿಯೊಂದನ್ನು ಉಡುಗೊರೆ ತಂದಳು. ಅಕ್ಕನ ಅತ್ತೆಯೇ ಅದನ್ನು ಕೈಗೆತ್ತಿಕೊಂಡು, ಮೇಲೆ ಕೆತ್ತಿದ ಹೆಸರನ್ನು ಗಟ್ಟಿಯಾಗಿ ಓದಿದಳು: "ನೀಲಮ್ಮ." ಚಾದರದ ಮೇಲಿನಿಂದ ಒಯ್ದದ್ದನ್ನೇ ಶಾಂತಕ್ಕ ಹೆಸರು ನೋಡದೆ ತಿಕ್ಕಿ ತಂದಿದ್ದಳು! ಪಾಪ, ಅವಳ ಮುಖ ಹುಳ್ಳಗಾಯಿತು. ಅಷ್ಟರಲ್ಲಿ ಅವ್ವ ಡಬರಿಯನ್ನು ಕಸಿದು ಎದೆಗವುಚಿ, "ಬಂದ್ಯೇನ ನನ್ನವ್ವಾ!" ಎಂದು ಕುಣಿದೇಬಿಟ್ಟಳು. ಬಾಗಿಲಲ್ಲಿದ್ದ ಬಡೀಮಾ, "ತಿರುಗಿ ತರಬ್ಯಾಡ್ರಿ ಅಂತ ಹೇಳಿದ್ದಿಲ್ಲೇನ? ಶಾಂತಾ, ಚಾಚು ಕಾಲು!" ಎಂದಳು. ಅಕ್ಕನ ಅತ್ತೆಯೂ ಹೊಟ್ಟೆ ಹಿಡಿದು ನಕ್ಕಳು. ಕೂಸು ಬೆಚ್ಚಿ ಅತ್ತಿತು.

ಮುಂದೆ ಬಡೀಮಾ ತನ್ನ ತಂಗಿಯ ಜೊತೆ ಇರಲು ಹೈದರಾಬಾದಿಗೆ ಹೊರಟಾಗ ಆಟೋದಲ್ಲಿ ಅವಳದು ಒಂದೇ ಚೀಲ. ಅವ್ವ ಒಳಗೋಡಿ ಆ ಡಬರಿಯನ್ನೇ ತಂದು ಅವಳ ಮಡಿಲಿಗಿಟ್ಟಳು.

"ಮತ್ತ ಸಾಮಾನಾ? ಇಷ್ಟು ವರ್ಷ ನಾ ಹೇಳಿದ್ದು ನೀರಾಗ ಹೋತೇನ?"

ತಿರುಗಿ ಕೊಡುತ್ತಾಳೆ ಎಂದುಕೊಂಡೆ. ಬಡೀಮಾ ಸೆರಗಿನಿಂದ ಹೆಸರಿನ ಮೇಲಿನ ಧೂಳು ಒರೆಸಿ, ಡಬರಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೇ ಹೋದಳು.

ಡಬರಿ ಇದ್ದ ಜಾಗದಲ್ಲಿ ಮೊನ್ನೆ ನಾನು ಜೋಳದ ಡಬ್ಬಿ ಇಡಲು ಹೋದೆ. ಅವ್ವ ರೊಟ್ಟಿ ಬಿಟ್ಟು ಓಡಿಬಂದಳು.

"ತಗಿ ಅಲ್ಲಿಂದ! ಅದು ಬಡೀಮಾನ ಜಾಗ ಅದ. ಖಾಲಿ ಇರ್ಲಿ."