ನಮ್ಮತ್ತೆಯ ನೆಲ ಡೊಂಕಲ್ಲ

ನನ್ನ ಅತ್ತೆ ಬಾಸ್ಕೆಟ್‌ಬಾಲ್ ತಂಡದಲ್ಲಿದ್ದಾರೆ ಎಂದರೆ ಜನ ಮೊದಲು ಅವರ ಎತ್ತರ ನೋಡುತ್ತಾರೆ. ಅವರು ನನ್ನ ಭುಜಕ್ಕೂ ಬರುವುದಿಲ್ಲ. ಅವರದು ಕೋರ್ಟಿನ ನೆಲ ಒರೆಸುವ ಕೆಲಸ. ಆಟದ ಹೊತ್ತಿನಲ್ಲಿ ಬಾಸ್ಕೆಟ್ಟಿನ ಹಿಂದೆ ಸ್ಟೂಲು ಹಾಕಿಕೊಂಡು ಕೂತಿರುತ್ತಾರೆ. ಯಾರಾದರೂ ಬಿದ್ದು ನೆಲಕ್ಕೆ ಬೆವರು ಮೆತ್ತಿದರೆ ಮಾಪು ಹಿಡಿದು ಓಡುತ್ತಾರೆ, ಒರೆಸುತ್ತಾರೆ, ಬಿದ್ದವನನ್ನು ಒಮ್ಮೆ ಗುರಾಯಿಸಿ ವಾಪಸು ಬರುತ್ತಾರೆ.

ಮನೆಯಲ್ಲೂ ಅದೇ ಕಣ್ಣು. ನಾನು ಒರೆಸಿದ ನೆಲ ಚೆನ್ನಾಗಿಲ್ಲ ಎಂದು ಅವರು ಒಂದು ದಿನವೂ ಹೇಳಿದವರಲ್ಲ. ಸುಮ್ಮನೆ ಇನ್ನೊಂದು ಸಲ ಒರೆಸುತ್ತಾರೆ. ಬೈದರೆ ತಿರುಗಿ ಬೈಯಬಹುದು, ಇದಕ್ಕೇನು ಮಾಡುವುದು? ಅವರ ಕೆಲಸ ನೂರು ಕಾಲ ಇರಲಿ ಎಂದು ನಾನು ಹಾರೈಸುವುದರಲ್ಲಿ ಸ್ವಾರ್ಥವೂ ಉಂಟು, ಮುಚ್ಚಿಡುವುದೇಕೆ.

ಹೋದ ವರ್ಷ ಚೆನ್ನಾಗಿಯೇ ಆಡಿದ್ದ ತಂಡ ಈ ಸೀಸನ್ನಿನಲ್ಲಿ ಪಟ್ಟಿಯ ಬುಡಕ್ಕೆ ಬಂದು ಕೂತಿತು. ಸೋಲುವುದಕ್ಕೂ ಒಂದು ಮರ್ಯಾದೆ ಬೇಡವೇ? ಎಲ್ಲರೂ ಕಂಬ ಎಂದು ಕರೆಯುವ ಎತ್ತರದ ಆಟಗಾರ ಬಾಸ್ಕೆಟ್ಟಿನ ಕಡೆ ಹಾರಲು ಹೋಗಿ, ಜಾರಿ, ಅಂಕ ಬರೆಯುವವರ ಮೇಜಿನ ಕೆಳಗೆ ಹೋಗಿ ನಿಂತ. ಅಲ್ಲಿಂದಲೇ ಫೌಲ್ ಕೇಳಿದ. ಉಳಿದವರೂ ಒಬ್ಬರ ಹಿಂದೊಬ್ಬರು ಬಿದ್ದರು. ಕೊನೆಗೆ ಕೋಚು ಪತ್ರಿಕೆಯವರ ಮುಂದೆ, ನೆಲ ಸರಿಯಿಲ್ಲ ಎಂದುಬಿಟ್ಟರು.

ಮರುದಿನ ಅಭ್ಯಾಸದ ನಡುವೆಯೇ ಅತ್ತೆ ಅವರನ್ನು ತಡೆದು ನಿಲ್ಲಿಸಿದರು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಎದುರು ತಂಡದವ್ರು ಇದೇ ನೆಲದ ಮೇಲೆ ಓಡಾಡಲಿಲ್ವಾ? ಅವರ್ಯಾಕೆ ಬೀಳಲಿಲ್ಲ? ಬೇರೆ ಊರಿಗೆ ಹೋದಾಗ್ಲೂ ಬಿದ್ರಲ್ಲ ನಿಮ್ಮ ಹುಡುಗ್ರು, ಅಲ್ಲೂ ನಾನೇ ಒರೆಸಿದ್ನಾ?"

ಕೋಚು ದನಿ ಏರಿಸಿದರು. "ತಪ್ಪು ನಿಮ್ಮದೇ ಅಮ್ಮ."

"ನನ್ನಿಂದ ಅಂತ ಗೊತ್ತಾದ್ರೆ ಅವತ್ತೇ ಮಾಪು ಕೆಳಗಿಟ್ಟು ಮನೆಗೆ ಹೋಗ್ತೀನಿ. ಇಲ್ಲಾಂದ್ರೆ ನೀವು ಎಲ್ಲರ ಮುಂದೆ ತಪ್ಪಾಯ್ತು ಅನ್ನಬೇಕು."

ಅತ್ತೆ ಕೊಟ್ಟ ಮಾತಿಗೆ ತಪ್ಪುವವರಲ್ಲ. ಅವರು ಮನೆಯಲ್ಲೇ ಕೂತರೆ ನನ್ನ ಗತಿಯೇನು ಎಂದು ಲೆಕ್ಕ ಹಾಕತೊಡಗಿದೆ. ಆದರೆ ಆ ವಾರವೆಲ್ಲ ಅವರು ತಟ್ಟೆಯ ಮುಂದೆ ಕೂತು ಅರ್ಧ ಊಟಕ್ಕೇ ಏಳುವುದನ್ನು ನೋಡಿ ನಿಜಕ್ಕೂ ದುಃಖವಾಯಿತು. ನನ್ನ ನೆಲವನ್ನು ಎರಡನೆಯ ಸಲ ಒರೆಸುವುದನ್ನೂ ಬಿಟ್ಟಿದ್ದರು.

ಕೊನೆಯ ಪಂದ್ಯ ಉಳಿದಿತ್ತು. ಅದನ್ನೂ ಸೋತರೆ ತಂಡ ಕೆಳಗಿನ ದರ್ಜೆಗೆ ಇಳಿಯುತ್ತಿತ್ತು. ಅದರ ಹಿಂದಿನ ದಿನ, ಅತ್ತೆ ಮನೆಯಲ್ಲಿ ಮರೆತು ಹೋಗಿದ್ದ ಕನ್ನಡಕ ಕೊಡಲು ನಾನು ಕ್ರೀಡಾಂಗಣಕ್ಕೆ ಹೋದೆ. ಆಟಗಾರರು ಬರುವ ಬಾಗಿಲಲ್ಲೇ ಅತ್ತೆ ನನ್ನನ್ನು ತಡೆದರು.

"ಚಪ್ಪಲಿ ಒರೆಸ್ಕೊಂಡು ಬಾ."

ಅಲ್ಲೊಂದು ಕಾಲೊರಸು ಇತ್ತು. ಯಾರೋ ಕೆಸರುಗಾಲಲ್ಲಿ ಬಂದರೆಂದು ಈ ಸೀಸನ್ನಿನ ಮೊದಲ ವಾರ ಅತ್ತೆ ಹಾಕಿದ್ದು. ನಮ್ಮ ತಂಡದವರು ಅದರ ಮೇಲೆ ಶೂ ಉಜ್ಜದೆ ಒಳಗೆ ಕಾಲಿಡುವಂತಿರಲಿಲ್ಲ. ಎದುರು ತಂಡದವರ ಬಾಗಿಲಿಗೆ ಅದಿರಲಿಲ್ಲ. ಅವರು ನೆಂಟರಂತೆ, ನೆಂಟರಿಗೆ ಕಾಲೊರೆಸಿ ಎನ್ನಲಾದೀತೇ? ಹುಡುಗರಿಗೂ ಅದು ಎಷ್ಟು ರೂಢಿಯಾಯಿತೆಂದರೆ, ಬೇರೆ ಊರಿಗೆ ಹೋಗುವಾಗ ಬಸ್ಸಿನಲ್ಲಿ ಅದನ್ನೂ ಒಯ್ಯುತ್ತಿದ್ದರು. ಅಮ್ಮನ ಕಾಲೊರಸು ಇದ್ದರೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆ.

ನಾನು ಚೆನ್ನಾಗಿ ಉಜ್ಜಿಕೊಂಡು ಕೋರ್ಟಿಗಿಳಿದೆ. ಇಳಿದದ್ದಷ್ಟೇ ಗೊತ್ತು. ಮುಂದಿನ ಕ್ಷಣ ಕೋಚಿನ ಕಾಲ ಬುಡದಲ್ಲಿ ಕೂತಿದ್ದೆ.

"ನಿನಗೂ ಕುಣಿಯೋಕೆ ಬರಲ್ಲ," ಎಂದರು ಅತ್ತೆ ದೂರದಿಂದ.

ಕೂತಲ್ಲೇ ಚಪ್ಪಲಿ ತೆಗೆದು ಮೂಸಿದೆ. ಮರದ ಪಾಲಿಶ್ ವಾಸನೆ. ಥಟ್ಟನೆ ಆ ಕಾಲೊರಸಿನ ಬಟ್ಟೆಯ ಗುರುತು ಸಿಕ್ಕಿತು. ವಾರಕ್ಕೊಮ್ಮೆ ಗ್ಯಾಲರಿಯ ಮರದ ಕುರ್ಚಿಗಳಿಗೆ ಅತ್ತೆ ಪಾಲಿಶ್ ತಿಕ್ಕುವ ಬಟ್ಟೆ ಅದೇ. ತಿಕ್ಕಿ ಮುಗಿದ ಮೇಲೆ ಮಡಿಸಿ ಬಾಗಿಲಿಗೆ ಹಾಕುತ್ತಿದ್ದರು. ಒಂದು ಬಟ್ಟೆಗೆ ಎರಡು ಕೆಲಸ ಹೇಳದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ನೆಲಕ್ಕೇನೂ ಆಗಿರಲಿಲ್ಲ, ಇಡೀ ಸೀಸನ್ ನಮ್ಮ ಹುಡುಗರು ಶೂಗೆ ಪಾಲಿಶ್ ಹಚ್ಚಿಕೊಂಡು ಆಡಿದ್ದರು, ಅದೂ ತಳಕ್ಕೆ.

ನಗು ಬರಬೇಕಿತ್ತು, ಬರಲಿಲ್ಲ. ಹೇಳಿದರೆ ಅತ್ತೆ ಮಾಪು ಕೆಳಗಿಡುತ್ತಾರೆ. ಹೇಳದಿದ್ದರೆ ತಂಡ ಮುಳುಗುತ್ತದೆ. ಮರುದಿನ ಬೆಳಿಗ್ಗೆ ಮತ್ತೆ ಕ್ರೀಡಾಂಗಣಕ್ಕೆ ಹೋಗಿ, ಅತ್ತೆ ನೀರು ತರಲು ಹೋದಾಗ ಆ ಬಟ್ಟೆಯನ್ನು ನನ್ನ ಚೀಲಕ್ಕೆ ತುರುಕಿದೆ. ನಮ್ಮ ಬಚ್ಚಲುಮನೆಯ ಬಾತುಕೋಳಿ ಚಿತ್ರದ ಕಾಲೊರಸನ್ನು, ಶೂಗಳ ಹಳೇ ಪಾಲಿಶ್ ಬಿಡಲೆಂದು ಸೋಪಿನ ನೀರಲ್ಲಿ ಅದ್ದಿ, ಹಿಂಡಿ, ಅಲ್ಲಿ ಹಾಸಿ ಬಂದೆ.

ಅಂದು ನಮ್ಮವರು ಯಾರೂ ಜಾರಲಿಲ್ಲ. ಕಂಬ ಹಾರಿದ, ಚೆಂಡನ್ನು ಬಾಸ್ಕೆಟ್ಟಿಗೆ ಹಾಕಿದ, ಹಾಕಿದೆನಲ್ಲ ಎಂಬ ಆಶ್ಚರ್ಯದಲ್ಲಿ ಅಲ್ಲೇ ನಿಂತುಬಿಟ್ಟ. ಅವನನ್ನು ಎಳೆದುಕೊಂಡು ಹೋಗಬೇಕಾಯಿತು. ತಂಡ ಗೆದ್ದಿತು. ಕೋಚು ಮೈಕು ಹಿಡಿದು, "ನೆಲದ್ದೇನೂ ತಪ್ಪಿರಲಿಲ್ಲ. ಅಮ್ಮ, ತಪ್ಪಾಯ್ತು," ಎಂದರು. ಅತ್ತೆ ಆಗಲಿ ಎಂಬಂತೆ ತಲೆಯಾಡಿಸಿದರು.

ಮನೆಗೆ ಬಂದಾಗ ಅವರ ಕಂಕುಳಲ್ಲಿ ಬಾತುಕೋಳಿ ಇತ್ತು.

"ಇದು ನಮ್ಮನೇದಲ್ವಾ? ನನ್ನದೆಲ್ಲಿ?"

"ಬಕೆಟ್ಟಲ್ಲಿ ನೆನೆಹಾಕಿದೀನಿ ಅತ್ತೆ. ಪಾಲಿಶ್ ಬಿಡ್ತಾನೇ ಇಲ್ಲ."

ಅವರು ಬಕೆಟ್ಟಿನ ಮುಂದೆ ನಿಂತು, ನೀರಿನ ಮೇಲೆ ತೇಲುತ್ತಿದ್ದ ಜಿಡ್ಡನ್ನು ನೋಡಿದರು. ಅತ್ತೆಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರ ಮುಖ ಚಿಕ್ಕದಾಯಿತು.

"ನನಗೆ ಹೇಳಬಹುದಿತ್ತಲ್ಲೇ."

"ಹೇಳಿದ್ರೆ ಕೆಲಸ ಬಿಟ್ಟು ಮನೇಲಿ ಕೂರ್ತಿದ್ರಿ."

"ಹೌದು, ಕೂರ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ."

ಅತ್ತೆ ನನ್ನನ್ನೇ ನೋಡಿದರು. ಆಮೇಲೆ ನಗಲು ಶುರುಮಾಡಿದವರು ಗೋಡೆ ಹಿಡಿದು ನಕ್ಕರು. ಅವರು ನಕ್ಕದ್ದು ಕಂಡು ನನ್ನ ಜೀವ ತಣ್ಣಗಾಯಿತು. ಆದರೆ ಮಾತು ಮಾತೇ. ಮಾರನೆಯ ದಿನ ಕೋಚಿನ ಕೋಣೆಗೆ ಹೋಗಿ ಎಲ್ಲ ಹೇಳಿ, ಅವರ ಮೇಜಿನ ಪಕ್ಕ ಮಾಪು ಇಟ್ಟೇಬಿಟ್ಟರು.

ಕೋಚು ಎದ್ದು ಬಾಗಿಲು ಹಾಕಿದರು. "ಅಮ್ಮ, ಇಡೀ ಸೀಸನ್ ಒಂದು ಕಾಲೊರಸಿನಿಂದ ಸೋತ್ವಿ ಅಂತ ಹೊರಗೆ ಗೊತ್ತಾದ್ರೆ ಮೊದಲು ಮನೆಗೆ ಹೋಗೋದು ನಾನು. ನಿಮಗೆ ಕೈ ಮುಗೀತೀನಿ, ಮಾಪು ತಗೊಳ್ಳಿ."

ಅತ್ತೆ ತೆಗೆದುಕೊಂಡರು. ಹೊರಡುವ ಮೊದಲು ಅವರ ಕೋಣೆಯ ನೆಲವನ್ನೂ ಒಮ್ಮೆ ಒರೆಸಿ ಬಂದರಂತೆ.