ಅಡುಗೆಮನೆ ನೆಲದ ಟ್ಯೂನು

ಮಗಳು ಭರತನಾಟ್ಯ ಬಿಟ್ಟು ಐರಿಷ್ ಡ್ಯಾನ್ಸ್‌ಗೆ ಸೇರುತ್ತೇನೆ ಅಂದಾಗ ನಾವ್ಯಾರೂ ಬೇಡ ಅನ್ನಲಿಲ್ಲ. ಆ ಕ್ಲಾಸು ಹ್ಯೂಸ್ಟನ್ ಹೊರವಲಯದ ಸೈಪ್ರೆಸ್‌ನ ನಮ್ಮ ಮನೆಗೆ ಹತ್ತಿರ. ಭರತನಾಟ್ಯಕ್ಕಾದರೆ ಹ್ಯೂಸ್ಟನ್ನಿನ ಟ್ರಾಫಿಕ್ ದಾಟಿ ಶುಗರ್ ಲ್ಯಾಂಡ್‌ವರೆಗೆ ಡ್ರೈವ್ ಮಾಡಬೇಕಿತ್ತು. ನಿಜ ಹೇಳಬೇಕೆಂದರೆ ಅಷ್ಟೇ ಕಾರಣ.

ಆ ಕ್ಲಾಸಿನಲ್ಲಿ ರೆಕಾರ್ಡ್ ಹಾಕುತ್ತಿರಲಿಲ್ಲ. ಎಂಬತ್ತರ ಹತ್ತಿರದ ಹಿರಿಯರೊಬ್ಬರು ಗೋಡೆಯ ಪಕ್ಕ ಕೂತು ಪಿಟೀಲು ನುಡಿಸುತ್ತಿದ್ದರು. ರಿಫೈನರಿಯಲ್ಲಿ ದುಡಿದು ರಿಟೈರ್ ಆದವರು. ಹೆಂಡತಿ ತೀರಿಕೊಂಡಿದ್ದರು. ನಾನು ಮೈಸೂರಿನಲ್ಲಿ ಚಿಕ್ಕಂದಿನಿಂದ ಪಿಟೀಲು ಕಲಿತವಳು. ಉಳಿದ ತಾಯಂದಿರು ಕಾರಿನಲ್ಲಿ ಫೋನ್ ನೋಡುತ್ತ ಕಾಯುವಾಗ ನಾನು ಆ ಹಿರಿಯರ ಪಕ್ಕ ಕೂತು ಕೇಳುತ್ತಿದ್ದೆ. ನಮ್ಮಿಬ್ಬರಿಗೆ ಸ್ನೇಹವಾದದ್ದು ಹಾಗೆ.

ಅವರಿಗೆ ಒಂದು ಟ್ಯೂನಿನ ಮೇಲೆ ವಿಶೇಷ ಪ್ರೀತಿ. ನಮ್ಮ ತಿಶ್ರ ನಡೆಯಂತೆ ತಕಿಟ ತಕಿಟ ಅಂತ ಓಡುವಂಥದ್ದು. ಅದನ್ನು 'ಅಡುಗೆಮನೆ ನೆಲ' ಎಂದು ಕರೆಯುತ್ತಿದ್ದರು. ಕ್ಲಾಸಿಗೆ ಹೊಸ ಮಗು ಬಂದಾಗಲೆಲ್ಲ ಅದರ ಕಥೆ ಹೇಳುತ್ತಿದ್ದರು. ಅವರ ಅಜ್ಜ ಐರ್ಲೆಂಡಿನಿಂದ ಬಂದು ಡಾಲಸ್‌ನಲ್ಲಿ ರೈಲ್ವೆ ಕೆಲಸಕ್ಕೆ ಸೇರಿದವರು. ಅಜ್ಜಿ ಊರಿನಲ್ಲಿ ಚೆನ್ನಾಗಿ ಕುಣಿಯುತ್ತಿದ್ದವಳು, ಇಲ್ಲಿಗೆ ಬಂದ ಮೇಲೆ ಕುಣಿಯುವುದನ್ನೇ ಬಿಟ್ಟಿದ್ದಳು. ಒಂದು ಭಾನುವಾರ ಹಿಟ್ಟು ನಾದುತ್ತ ನಿಂತವಳ ಹಿಮ್ಮಡಿ ತಾನಾಗಿ ನೆಲ ತಟ್ಟಿತಂತೆ. ಅಜ್ಜ ಆ ಲಯ ಹಿಡಿದು ಅಲ್ಲೇ ಟ್ಯೂನ್ ಕಟ್ಟಿದರಂತೆ. ಹಿಟ್ಟಿನ ಕೈಯಲ್ಲೇ ಅಜ್ಜಿ ಕುಣಿದಳಂತೆ.

ಹೋದ ವರ್ಷ ಡಾಲಸ್‌ನಲ್ಲಿ ಡ್ಯಾನ್ಸ್ ಸ್ಪರ್ಧೆ ಇತ್ತು. ಪಿಟೀಲಿನ ಹಿರಿಯರಿಗೆ ಅಷ್ಟು ದೂರ ಡ್ರೈವ್ ಮಾಡಲು ಆಗದು, ನಮ್ಮ ಕಾರಿನಲ್ಲೇ ಬಂದರು. ಹೋಟೆಲಿನ ದೊಡ್ಡ ಹಾಲಿನಲ್ಲಿ, ನೆಟ್ಟಗಿನ ಕಪ್ಪು ಕೂದಲಿನ ಮೇಲೆ ಈ ಡ್ಯಾನ್ಸಿನ ರೂಢಿಯಂತೆ ಗುಂಗುರು ವಿಗ್ ಹಾಕಿಕೊಂಡು ಮಗಳು ಸರದಿ ಕಾಯುತ್ತಿದ್ದಳು. ಹಿರಿಯರು ಊಟಕ್ಕೆ ಹೋಗಿದ್ದರು. ಆಗ ವೇದಿಕೆಯ ಪಕ್ಕದಲ್ಲಿದ್ದ ಅಕಾರ್ಡಿಯನ್ ವಾದಕ ಅದೇ ಟ್ಯೂನ್ ನುಡಿಸಿದ.

ಬಿಡುವಿನಲ್ಲಿ ಹೋಗಿ, "ಇದು ಯಾರು ಮಾಡಿದ್ದು?" ಅಂತ ಕೇಳಿದೆ.

"ಯಾರೋ ಗೊತ್ತಿಲ್ಲ. ತುಂಬ ಹಳೇದು," ಅಂದು, ಬೇರೆ ಹೆಸರು ಹೇಳಿ, ಫೋನಿನಲ್ಲಿ ಹಳೆಯ ರೆಕಾರ್ಡಿಂಗ್ ಕೇಳಿಸಿದ. ಹಿರಿಯರ ಅಜ್ಜನ ಕಾಲಕ್ಕಿಂತ ಬಹಳ ಹಿಂದೆಯೇ ಅದನ್ನು ಯಾರೋ ಪುಸ್ತಕದಲ್ಲೂ ಬರೆದಿಟ್ಟಿದ್ದರಂತೆ.

ವಾಪಸ್ ಬರುವಾಗ ಮಗಳು ಹಿಂದೆ ನಿದ್ದೆ ಹೋಗಿದ್ದಳು. ನಾನು ಪಕ್ಕದಲ್ಲಿ ಕೂತಿದ್ದ ಹಿರಿಯರಿಗೆ ಉತ್ಸಾಹದಿಂದ ಎಲ್ಲ ಹೇಳಿದೆ, ರೆಕಾರ್ಡಿಂಗನ್ನು ಕಾರಿನ ಸ್ಪೀಕರಿಗೂ ಹಾಕಿದೆ. ಹೊಸದೇನೋ ಕಂಡುಹಿಡಿದ ಖುಷಿ ನನಗೆ. ಅವರೂ ಖುಷಿಪಡುತ್ತಾರೆ ಅಂತಲೇ ಅಂದುಕೊಂಡಿದ್ದೆನೋ, ಅಥವಾ ಅವರ ಬಗ್ಗೆ ಯೋಚಿಸಿಯೇ ಇರಲಿಲ್ಲವೋ.

ಅವರು ಪೂರ್ತಿ ಕೇಳಿದರು. ಆಮೇಲೆ, "ಎಲ್ಲೋ ಒಂದೆರಡು ಸಲ ಕಿವಿಗೆ ಬಿದ್ದಿತ್ತು. ಅಜ್ಜನಿಂದಲೇ ಅಲ್ಲಿಗೆ ಹೋಗಿರಬೇಕು ಅಂದುಕೊಂಡಿದ್ದೆ," ಅಂದರು.

ಮನೆಯಲ್ಲಿ ಗಂಡನಿಗೆ ಹೇಳಿದೆ. "ಅವರು ನಿನ್ನನ್ನ ಕೇಳಿದ್ರಾ?" ಅಂದರು.

"ಇಲ್ಲ."

"ಮತ್ಯಾಕೆ ಹೇಳೋಕ್ ಹೋದೆ?"

ನಾನು ಮಗಳ ವಿಗ್ಗನ್ನು ಡಬ್ಬಿಗೆ ಹಾಕಿಟ್ಟೆ.

ಅಂದಿನಿಂದ ಕ್ಲಾಸಿನಲ್ಲಿ ಆ ಟ್ಯೂನ್ ನಿಂತಿತು. ಮಕ್ಕಳು ಕೇಳಿದರೂ ಬೇರೇನೋ ನುಡಿಸುತ್ತಿದ್ದರು. ಮಗಳು ಕಾರಿನಲ್ಲಿ ಇಂಗ್ಲಿಷಿನಲ್ಲಿ, "ಪಿಟೀಲು ಅಜ್ಜನಿಗೆ ಅದು ಮರೆತುಹೋಯ್ತಾ?" ಅಂದಾಗ ನಾನು ರೇಡಿಯೋ ಹಾಕಿದೆ. ಕೊನೆಗೊಂದು ದಿನ ಅವರ ಹತ್ತಿರ ಹೋಗಿ ಕ್ಷಮೆ ಕೇಳಿದೆ. "ನೀನು ಸುಳ್ಳು ಹೇಳಲಿಲ್ಲವಲ್ಲ," ಅಂದರು. ಪಿಟೀಲನ್ನು ಪೆಟ್ಟಿಗೆಗೆ ಇಡುತ್ತ, "ಅಜ್ಜನ ಸಮಾಧಿಯ ಕಲ್ಲಿನ ಮೇಲೆ ಕೆತ್ತಿಸಿದ್ದೇವೆ. ಈ ಟ್ಯೂನ್ ಕಟ್ಟಿದವನು ಅಂತ. ಅಮ್ಮನ ಆಸೆಯಾಗಿತ್ತು," ಅಂದರು.

ಅದನ್ನು ಕೇಳಿದ ಮೇಲೆ ನಾನೇ ತಪ್ಪು ಅಂತ ತೋರಿಸುವ ಏನಾದರೂ ಸಿಗಲಿ ಅಂತ ಹುಡುಕತೊಡಗಿದೆ. ಅದೇ ಟ್ಯೂನಿನ ಹಳೆಯ ರೆಕಾರ್ಡಿಂಗ್‌ಗಳನ್ನು ಸಿಕ್ಕಷ್ಟೂ ಕೇಳಿದೆ. ಎಲ್ಲರೂ ಎರಡೇ ಭಾಗ ನುಡಿಸುತ್ತಿದ್ದರು. ಆ ಹಿರಿಯರು ನುಡಿಸುವುದರಲ್ಲಿ ಮಾತ್ರ ಮೂರನೆಯದೂ ಇತ್ತು. ಅದು ಎಲ್ಲೂ ಸಿಗಲಿಲ್ಲ. ನಾನು ಒಮ್ಮೆ ಬಾಯಿಬಿಟ್ಟು ಕೆಟ್ಟಿದ್ದೆ, ಆದ್ದರಿಂದ ಈ ಸಲ ಹೇಳಲು ಹೋಗಲಿಲ್ಲ. ಆಸ್ಟಿನ್ನಿನಲ್ಲಿ ಶನಿವಾರ ಮಧ್ಯಾಹ್ನ ಐರಿಷ್ ವಾದಕರು ಒಂದು ಪಬ್ಬಿನಲ್ಲಿ ಸೇರುತ್ತಾರೆ ಅಂತ ತಿಳಿದಿತ್ತು. ಗಂಡನಿಗೆ ಅಲ್ಲೇ ಪಕ್ಕದ ಊರಾದ ಟೇಲರ್‌ನಲ್ಲಿ ಕೆಲಸವಿದ್ದ ಒಂದು ಶನಿವಾರ, ಬನ್ನಿ ಅಂತ ಬಲವಂತ ಮಾಡಿ ಹಿರಿಯರನ್ನೂ ಕರೆದುಕೊಂಡು ಹೋದೆ.

ದುಂಡು ಮೇಜಿನ ಸುತ್ತ ಕೂತವರು ಅವರಿಗೂ ಜಾಗ ಮಾಡಿಕೊಟ್ಟರು. ಏನಾದರೂ ಶುರುಮಾಡಿ ಅಂದಾಗ ಅವರು ನನ್ನ ಮುಖ ನೋಡಿ, ಅದನ್ನೇ ಎತ್ತಿಕೊಂಡರು. ಎರಡು ಭಾಗಕ್ಕೂ ಎಲ್ಲರೂ ಜೊತೆಗೂಡಿದರು. ಮೂರನೆಯದಕ್ಕೆ ಹೋದಾಗ ಒಬ್ಬೊಬ್ಬರಾಗಿ ನಿಲ್ಲಿಸಿ ಕೇಳತೊಡಗಿದರು. ಅವರ ಕಮಾನು ಒಂದೇ ಓಡುತ್ತಿತ್ತು.

ಕೊಳಲು ನುಡಿಸುತ್ತಿದ್ದ ಹೆಂಗಸು, "ಈ ಕೊನೆಯ ಭಾಗ ಎಲ್ಲಿ ಸಿಕ್ಕಿತು ನಿಮಗೆ?" ಅಂದಳು.

"ನಮ್ಮ ಅಜ್ಜನಿಂದ."

"ಹಾಗಾದರೆ ಅದು ಅವರದೇ ಇರಬೇಕು. ನಾನೆಲ್ಲೂ ಕೇಳಿಲ್ಲ. ನಮಗೂ ಹೇಳಿಕೊಡಿ."

ಅವರು ತಾಳ್ಮೆಯಿಂದ ಹೇಳಿಕೊಟ್ಟರು.

ಕಾರಿನಲ್ಲಿ ತಡೆಯಲಾಗದೆ, "ನೋಡಿ, ಅಜ್ಜ ಕಟ್ಟಿದ್ದೂ ಇದೆಯಲ್ಲ," ಅಂದೆ.

"ಇದೆ," ಅಂದರು. "ನೀನು ಕರೆದುಕೊಂಡು ಬಂದದ್ದು ಒಳ್ಳೆಯದಾಯಿತು. ಆದರೆ ಆವತ್ತು ಅಜ್ಜಿ ನಿಜವಾಗಿ ಕುಣಿದಳೋ ಇಲ್ಲವೋ, ಅದು ಈಗ ನನಗೆ ಗೊತ್ತಿಲ್ಲ."

ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಈಗ ಕ್ಲಾಸಿನಲ್ಲಿ ಮತ್ತೆ ಆ ಟ್ಯೂನ್ ನುಡಿಸುತ್ತಾರೆ, ಮೂರೂ ಭಾಗ. ಮೊನ್ನೆ ಬೆಂಗಳೂರಿನಿಂದ ಹೊಸದಾಗಿ ಬಂದ ಕುಟುಂಬದವರು ಮಗಳನ್ನು ಸೇರಿಸಿದರು. ಆ ತಾಯಿ, "ತುಂಬ ಚೆನ್ನಾಗಿದೆ, ಯಾವುದಿದು?" ಅಂತ ಹಿರಿಯರನ್ನು ಕೇಳಿದರು.

"ಹಳೇದು. ಐರ್ಲೆಂಡಿನದು," ಅಂದು ಅವರು ಪಿಟೀಲನ್ನು ಮತ್ತೆ ಗಲ್ಲಕ್ಕೆ ಒತ್ತಿಕೊಂಡರು.

ಆಕೆ ನನ್ನ ಕಡೆ ತಿರುಗಿ, "ಇದಕ್ಕೇನಾದ್ರೂ ಕಥೆ ಇದೆಯೇನ್ರಿ?" ಅಂದರು. ಹೇಳಲು ಬಾಯಿ ತೆರೆದೆ. ಹಿರಿಯರು ಪಕ್ಕದಲ್ಲೇ ಇದ್ದರು. "ನಿಮ್ಮ ಮಗಳು ಯಾವ ಕ್ಲಾಸು?" ಅಂತ ಕೇಳಿದೆ.